ಎಐ ಓದಿದ ಎಕ್ಸ್‌ರೇ, ಸಹಿ ನಮ್ಮದು: ಇಂಡೆಮ್ನಿಟಿ ಪಾಲಿಸಿ ಸರಿಮಾಡಿಕೊಂಡ ಬಗೆ

ಡೊಂಬಿವಲಿಯ ನಮ್ಮ ಎಕ್ಸ್‌ರೇ ಸೆಂಟರಿಗೆ ಎದೆಯ ಫಿಲ್ಮ್ ಓದುವ ಎಐ ತಂತ್ರಾಂಶ ಹಾಕಿಸುವ ಮೊದಲು ಪ್ರೊಫೆಶನಲ್ ಇಂಡೆಮ್ನಿಟಿ ಪಾಲಿಸಿ (ವೃತ್ತಿಯಲ್ಲಿ ತಪ್ಪಾಯಿತೆಂದು ರೋಗಿ ಪರಿಹಾರ ಕೇಳಿದರೆ ಭರಿಸುವ ವಿಮೆ) ತೆಗೆದು ಓದಿದೆವು. ಅದರಲ್ಲಿ ಎಐ ಎಂಬ ಮಾತೇ ಇಲ್ಲ. ‘ಬೇಡ ಅಂತ ಬರೆದಿಲ್ಲವಲ್ಲ ಡಾಕ್ಟ್ರೇ, ಕವರ್ ಇದ್ದ ಹಾಗೇ’ ಎಂದರು ಏಜೆಂಟರು. ಬಾಯಿಮಾತು ಕ್ಲೇಮಿನ ದಿನ ಕೈಹಿಡಿಯುವುದಿಲ್ಲ.

ಹಾಗಾಗಿ ರಿನ್ಯೂವಲ್ ಅರ್ಜಿಯ ಜೊತೆ ಒಂದು ಪತ್ರ ಲಗತ್ತಿಸಿದೆವು: ತಂತ್ರಾಂಶದ ಹೆಸರು, ಆವೃತ್ತಿ, ಸಿಡಿಎಸ್‌ಸಿಒ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ) ಲೈಸೆನ್ಸ್ ಸಂಖ್ಯೆ, ಯಾವ ಕೆಲಸಕ್ಕೆ ಬಳಕೆ, ಕೊನೆಯ ವರದಿಗೆ ಸಹಿ ಯಾರದು. 2020ರ ಏಪ್ರಿಲ್ 1ರಿಂದ ರೋಗನಿರ್ಣಯದ ತಂತ್ರಾಂಶವೂ ವೈದ್ಯಕೀಯ ಸಾಧನವೇ. ಲೈಸೆನ್ಸ್ ತೋರಿಸಲಾಗದ ಮಾರಾಟಗಾರರ ಜೊತೆ ಮಾತು ಮುಂದುವರಿಸಬೇಡಿ. ವಿಮಾ ಕಂಪನಿಯ ಉತ್ತರ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಅಧಿಕೃತ ತಿದ್ದುಪಡಿ) ಆಗಿ ಬಂದರೆ ಉತ್ತಮ, ಕನಿಷ್ಠ ಇಮೇಲ್ ಆದರೂ ಇರಲಿ.

ಮೊತ್ತ ನೋಡುವಾಗ ಹೆಚ್ಚಿನವರು ಎಡವುವುದು ಒಂದು ಪ್ರಕರಣದ ಮಿತಿಗೂ ಇಡೀ ವರ್ಷದ ಮಿತಿಗೂ ಇರುವ ಅನುಪಾತದಲ್ಲಿ. ಒಂದು ಕೋಟಿಯ ಪಾಲಿಸಿ 1:4 ಇದ್ದರೆ ಒಂದು ಪ್ರಕರಣಕ್ಕೆ ಸಿಗುವುದು 25 ಲಕ್ಷ ಮಾತ್ರ, ಸಾಮಾನ್ಯವಾಗಿ ವಕೀಲರ ಖರ್ಚೂ ಅದರೊಳಗೇ. ನಾವು 1:1 ಮಾಡಿಸಿದೆವು, ಪ್ರೀಮಿಯಂ ಏರಿತು. ರೆಟ್ರೋ ದಿನಾಂಕವನ್ನೂ (ಯಾವ ದಿನದಿಂದ ಮಾಡಿದ ಕೆಲಸಕ್ಕೆ ಕವರ್ ಇದೆ ಎಂಬುದು) ನೋಡಿ. ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕ್ಲೇಮ್ ಬಂದ ದಿನವೂ ಪಾಲಿಸಿ ಜಾರಿಯಲ್ಲಿರಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಅವಕಾಶವಿದೆ. ಇವತ್ತು ಕಣ್ತಪ್ಪಿದ ಗಂಟು ಒಂದೂವರೆ ವರ್ಷದ ಮೇಲೆ ನೋಟಿಸಾಗಿ ಬಂದಾಗ, ನಡುವೆ ರಿನ್ಯೂವಲ್ ತಪ್ಪಿಸಿದ್ದರೆ ಕವರ್ ಇಲ್ಲ.

ಮಾರಾಟಗಾರರ ಒಪ್ಪಂದದಲ್ಲಿ ‘ನಮ್ಮ ಮೇಲೆ ಬರುವ ನಷ್ಟವನ್ನೂ ವೈದ್ಯರೇ ಭರಿಸತಕ್ಕದ್ದು’ ಎಂಬ ಸಾಲು ಇರುವುದುಂಟು. ಒಪ್ಪಂದದಿಂದ ಮೈಮೇಲೆ ಎಳೆದುಕೊಂಡ ಹೊಣೆಯನ್ನು ಪಾಲಿಸಿಗಳು ಹೊರಗಿಡುತ್ತವೆ. ಆ ಸಾಲನ್ನು ಹೊಡೆದುಹಾಕಿಸಿ, ಇಲ್ಲವೇ ಸಹಿ ಮಾಡಬೇಡಿ.

ಬಳಕೆಯ ಮಿತಿ ಮೀರಿದರೆ ವಾದಿಸಲು ಏನೂ ಉಳಿಯದು. ಕ್ಷಯದ ತಪಾಸಣೆಗೆ ಇಂಥ ತಂತ್ರಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ್ದು 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ. ಎಂಟು ವರ್ಷದ ಮಗುವಿನ ಫಿಲ್ಮ್ ಹಾಕಿದರೂ ರೋಗದ ಶಂಕೆ ಎಷ್ಟು ಎಂದು ಹೇಳುವ ಒಂದು ಅಂಕಿ ಬಂದೀತು, ಆದರೆ ಅದಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಟೆಕ್ನಿಷಿಯನ್ ಮೊದಲು ವಯಸ್ಸು ನೋಡುತ್ತಾರೆ. ಚಿಕ್ಕ ಮಕ್ಕಳ ಫಿಲ್ಮ್ ನೇರ ರೇಡಿಯಾಲಜಿಸ್ಟ್ ಮೇಜಿಗೆ.

ಎಐಗೂ ನಮಗೂ ಭಿನ್ನಾಭಿಪ್ರಾಯ ಬಂದಾಗ ಒಂದು ಸಾಲು ಬರೆಯುತ್ತೇವೆ: ‘ಎಐ: ಬಲ ಮೇಲ್ಭಾಗ, 0.62. ನಮ್ಮ ಓದು: ಹಳೆಯ ಕಲೆ. ಆಧಾರ: ಎರಡು ವರ್ಷ ಹಿಂದಿನ ಫಿಲ್ಮ್‌ನಲ್ಲೂ ಇಷ್ಟೇ.’ ಅರ್ಧ ನಿಮಿಷದ ಕೆಲಸ. ಕಾರಣ ಬರೆಯದೆ ಅಂಕಿಯನ್ನು ತಳ್ಳಿಹಾಕಿದರೆ, ಎದುರು ವಕೀಲರಿಗೆ ಅಷ್ಟೇ ಸಾಕು. ರೋಗಿಯ ಒಪ್ಪಿಗೆ ಪತ್ರ ಮರಾಠಿಯಲ್ಲೂ ಕನ್ನಡದಲ್ಲೂ ಇದೆ.

ನೋಟಿಸ್ ಬಂದರೆ ರೋಗಿಯ ಕಡೆಯವರೊಂದಿಗೆ ರಾಜಿ ಮಾತಾಡುವ ಮೊದಲು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಅವರ ಒಪ್ಪಿಗೆಯಿಲ್ಲದೆ ಕೊಟ್ಟ ದುಡ್ಡು ವಾಪಸಾಗದು. ಆ ಫಿಲ್ಮನ್ನು ‘ನೋಡೋಣ’ ಎಂದು ಮತ್ತೆ ತಂತ್ರಾಂಶಕ್ಕೆ ಹಾಕಲೇಬೇಡಿ. ಆವೃತ್ತಿ ಬದಲಾಗಿದ್ದರೆ ಅಂಕಿ ಬೇರೆ ಬರಬಹುದು, ಹಳೆಯದು ಅಳಿಸಿಯೂ ಹೋಗಬಹುದು.