1080 ಟಿಐ ಮೇಲೆ ನೀರಿನ ಕೂಲರ್: ಎರಡು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ನೀರಿನ ಕೂಲರ್ ಕೂರಿಸಿದ್ದೇನೆ ಅಂದಾಗ "ಬೆವರಿ ಶಾರ್ಟ್ ಆಗುತ್ತೆ, ಮಳೆಗಾಲ ಬರ್ಲಿ ಮಾರಾಯ, ಆಮೇಲೆ ಹೇಳು" ಅಂದಿದ್ದರು ಎಲ್ಲರೂ. ಬಂತು, ಹೋಯಿತು. ಇನ್ನೊಂದೂ ಬಂದು ಹೋಯಿತು. ಕಾರ್ಡ್ ಇನ್ನೂ ಓಡುತ್ತಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ನಾನು ತೀರ್ಥಹಳ್ಳಿಯಲ್ಲಿ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವನು. 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಎಥೀರಿಯಂ ಅನ್ನೋ ಕ್ರಿಪ್ಟೋ ನಾಣ್ಯ ಗಳಿಸುವ ಮೈನಿಂಗ್ ನಿಂತಿತಲ್ಲ, ಆಗ ಹಳೇ ಕಾರ್ಡ್‌ಗಳ ರೇಟು ಬಿತ್ತು. ಹದಿನಾಲ್ಕೋ ಹದಿನೈದೋ ಸಾವಿರಕ್ಕೆ ಒಂದು ಜಿಟಿಎಕ್ಸ್ 1080 ಟಿಐ ಸಿಕ್ಕಿತು. 2017ರ ಕಾರ್ಡ್ ಆದರೂ 11 ಜಿಬಿ ಮೆಮೊರಿ ಇದೆ, ನನ್ನ ಕೆಲಸಕ್ಕೆ ಅದೇ ಬೇಕಿತ್ತು. ಮೂರು ಫ್ಯಾನ್. ಅದರಲ್ಲಿ ಒಂದರ ಬೇರಿಂಗ್ ಆಗಲೇ ಹೋಗಿತ್ತು. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಚಿತ್ರದ ಕಾಳುಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಹಾಕಿ, ಪೂರ್ತಿ ವಿಡಿಯೋ ತಯಾರಾಗಲು ರೆಂಡರ್‌ಗೆ ಬಿಟ್ಟರೆ ಐದು ನಿಮಿಷಕ್ಕೆ 84 ಡಿಗ್ರಿ, ಕ್ಲಾಕ್ (ಚಿಪ್ ಓಡುವ ವೇಗ) 1680 ಮೆಗಾಹರ್ಟ್ಸ್‌ಗೆ ಇಳಿಯುತ್ತಿತ್ತು, ಮತ್ತೆ ಆ ಸದ್ದು. "ರಾತ್ರಿ ಹನ್ನೆರಡು ಗಂಟೆಗೆ ಎಂತಕ್ಕೋ ಮಿಕ್ಸಿ ಹಾಕ್ತೀಯ" ಅಂತ ಅಮ್ಮ ಒಳಗಿನಿಂದ ಕೂಗೋರು.

ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್, ಪ್ಯಾಡ್ ಬದಲಾಯಿಸಿದೆ. 80ಕ್ಕೆ ಬಂತು. ಸದ್ದು ಹಾಗೇ ಇತ್ತು.

ಅದೇ ಹೊತ್ತಿಗೆ ಶಿವಮೊಗ್ಗದ ಪರಿಚಯದವರೊಬ್ಬರು 240 ಎಂಎಂ ಎಐಒ ಮಾರುತ್ತಿದ್ದರು, ಅಂದರೆ ಪಂಪ್, ಪೈಪ್, ರೇಡಿಯೇಟರ್ ಎಲ್ಲ ಒಟ್ಟಿಗೇ ಬರುವ, ಪ್ರೊಸೆಸರ್‌ಗೆ ಹಾಕುವ ನೀರಿನ ಕೂಲರ್. ಅವರ ಹೊಸ 12ನೇ ಜನರೇಶನ್ ಇಂಟೆಲ್ ಬೋರ್ಡಿಗೆ ಅದರ ಬ್ರಾಕೆಟ್ (ಬಿಗಿಯುವ ಪಟ್ಟಿ) ಕೂರುತ್ತಿರಲಿಲ್ಲ. ಎರಡೂವರೆ ಸಾವಿರ. ದುಂಡು ಪಂಪ್, ಕೆಳಗೆ ತಾಮ್ರದ ತಟ್ಟೆ. ಕಾರ್ಡಿನ ಚಿಪ್ ಇರುವುದು ಎರಡು ಸೆಂಟಿಮೀಟರ್ ಚಿಲ್ಲರೆ ಚೌಕ ಅಷ್ಟೇ. ತಟ್ಟೆ ಆರಾಮಾಗಿ ಮುಚ್ಚುತ್ತೆ. ಎಐಒವನ್ನು ಕಾರ್ಡಿಗೆ ಕೂರಿಸಲಿಕ್ಕೇ ಅಂತ ರೆಡಿ ಬ್ರಾಕೆಟ್ ಬರುತ್ತಿತ್ತು, ಆದರೆ ನಾನು ಹುಡುಕಿದಾಗ ಹೊರಗಿನಿಂದ ತರಿಸಬೇಕಿತ್ತು, ಕೂಲರ್‌ನ ಎರಡರಷ್ಟು ರೇಟು ಹೇಳಿದರು. ಬೇಡ ಅಂದುಕೊಂಡೆ.

ಮೊದಲ ಪ್ರಯತ್ನ ಹಳೇ ಜಿಟಿಎಕ್ಸ್ 970 ಕಾರ್ಡ್ ಮೇಲೆ. ಎಲ್ಲರಿಗೂ ಗೊತ್ತಿರುವ ಕೇಬಲ್ ಟೈ ವಿದ್ಯೆ. ನಾಲ್ಕು ತೂತಿಗೆ ನಾಲ್ಕು ಟೈ ಹಾಕಿ ಪಂಪ್ ಬಿಗಿದೆ. ಎಲ್ಲ ಟೇಬಲ್ ಮೇಲೇ ಹರಡಿದ್ದೆ, ರೇಡಿಯೇಟರ್ ಕೆಳಗೆ ಮಲಗಿತ್ತು, ಪಂಪ್ ಮೇಲಿತ್ತು. ಆನ್ ಮಾಡಿದರೆ ಗುಳುಗುಳು ಸದ್ದು, ಟೆಂಪರೇಚರ್ ಸೀದಾ 90. ಗಾಳಿ ಯಾವತ್ತೂ ಎತ್ತರದ ಜಾಗಕ್ಕೆ ಹೋಗಿ ಕೂರುತ್ತೆ, ಅಲ್ವಾ? ಅದು ಪಂಪ್ ಒಳಗೇ ಕೂತಿತ್ತು. ರೇಡಿಯೇಟರ್ ಎತ್ತಿ ಕಿಟಕಿ ಸರಳಿಗೆ ಕಟ್ಟಿದೆ. 55ಕ್ಕೆ ಇಳಿಯಿತು. ಖುಷಿಯಲ್ಲಿ ನಾಲ್ಕು ಜನಕ್ಕೆ ಫೋಟೋ ಕಳಿಸಿ, ರೆಂಡರ್ ಹಾಕಿ ಊಟಕ್ಕೆ ಹೋದೆ. ಸಾರು ಬಡಿಸಿಕೊಳ್ಳುವಾಗ 'ಟಪ್' ಅಂತ ಕೇಳಿಸಿತು. ಆಮೇಲೆ ವಾಸನೆ. ಸುಟ್ಟ ಕರೆಂಟ್ ವಾಸನೆ ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ.

ಚಿಪ್‌ಗೆ ಏನೂ ಆಗಿರಲಿಲ್ಲ. ಪವರ್ ಕನೆಕ್ಟರ್ ಪಕ್ಕದ ವಿಆರ್‌ಎಂನಲ್ಲಿ (ಚಿಪ್‌ಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಭಾಗ) ಒಂದು ಮಾಸ್ಫೆಟ್, ಅಂದರೆ ಕರೆಂಟ್ ಸ್ವಿಚ್ ಮಾಡುವ ಸಣ್ಣ ಬಿಡಿಭಾಗ, ಒಡೆದಿತ್ತು. ಮೊದಲು ಫ್ಯಾನಿನ ಗಾಳಿ ಅದರ ಮೇಲೂ ಬೀಳುತ್ತಿತ್ತು. ನಾನು ಫ್ಯಾನ್ ತೆಗೆದೆ, ಅದನ್ನು ಮರೆತೆ. ಸ್ಕ್ರೀನ್ ಮೇಲೆ ಕಾಣುವ 55 ಬರೀ ಚಿಪ್‌ನದ್ದು. ಐದು ಸಾವಿರದ ಕಾರ್ಡ್ ಹೋಯಿತು. ಫೋಟೋ ನೋಡಿದವರೆಲ್ಲ "ನೀರು ಸೋರಿತಾ?" ಅಂತ ಕೇಳಿದರು. ಒಂದು ತೊಟ್ಟೂ ಸೋರಿರಲಿಲ್ಲ. ಹೇಳಿದರೆ ಯಾರು ನಂಬ್ತಾರೆ.

ಎರಡು ತಿಂಗಳು ಸುಮ್ನಿದ್ದೆ. ಆಮೇಲೆ ಬ್ರಾಕೆಟ್ ಮಾಡಿಸೋಣ ಅಂತ ಕಾರ್ಡಿನ ಹಿಂಭಾಗದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ, ಚಿಕ್ಕವರಿದ್ದಾಗ ನಾಣ್ಯ ಮೂಡಿಸ್ತಿದ್ವಲ್ಲ, ಹಾಗೆ. ನಾಲ್ಕು ತೂತು ಸ್ಪಷ್ಟವಾಗಿ ಮೂಡಿದವು. ಆ ಕಾಗದ ಹಿಡಿದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಹೋದೆ. ಫ್ಯಾಬ್ರಿಕೇಶನ್ ಅಣ್ಣ ತಿರುಗಿಸಿ ತಿರುಗಿಸಿ ನೋಡಿ "ಗೇಟು ಮಾಡ್ಸ್ತಾರೆ, ಗ್ರಿಲ್ ಮಾಡ್ಸ್ತಾರೆ, ಇದೆಂತ ಬಿಲ್ಲೆ ತಮ್ಮಾ?" ಅಂದರು. ಒಂದೂವರೆ ಎಂಎಂ ಅಲ್ಯೂಮಿನಿಯಂ ಶೀಟಿನಲ್ಲಿ ಕತ್ತರಿಸಿ ಕೊಟ್ಟರು, 150 ರೂಪಾಯಿ.

ಮನೆಗೆ ಬಂದು ಬಿಗಿದರೆ ಶೀಟ್ ಬಿಲ್ಲಿನ ಹಾಗೆ ಬಾಗಿತು. ಬಿಚ್ಚಿ ಪೇಸ್ಟ್ ಗುರುತು ನೋಡಿದೆ. ಮೂರು ಮೂಲೆಯಲ್ಲಿ ತೆಳ್ಳಗೆ ಹರಡಿದೆ, ನಾಲ್ಕನೇ ಮೂಲೆಯಲ್ಲಿ ಪೇಸ್ಟ್ ಹಾಕಿದ ಹಾಗೇ ದಪ್ಪಗೆ ನಿಂತಿದೆ, ತಟ್ಟೆ ಅಲ್ಲಿ ಮುಟ್ಟೇ ಇಲ್ಲ. ಮತ್ತೆ 60 ಕಿಲೋಮೀಟರ್ ಬಸ್ಸು. ಈ ಸಲ ಮೂರು ಎಂಎಂ ಕಬ್ಬಿಣದ ಪಟ್ಟಿ, 200 ರೂಪಾಯಿ. ಬಾಗಲಿಲ್ಲ. ಆದರೆ ಆನ್ ಮಾಡಿದರೆ ಸ್ಕ್ರೀನ್ ಕಪ್ಪು. ಎದೆ ಧಸಕ್ ಅಂತು. ಟಾರ್ಚ್ ಹಾಕಿ ನೋಡಿದರೆ ಒಂದು ನಟ್ಟಿನ ಅಂಚು ತೂತಿನ ಪಕ್ಕದ ಸಣ್ಣ ಕೆಪಾಸಿಟರ್‌ಗೆ ತಾಗಿಕೊಂಡಿತ್ತು. ಗಾಂಧಿ ಬಜಾರಿನಿಂದ ಇಪ್ಪತ್ತು ರೂಪಾಯಿಗೆ ತಂದ ನೈಲಾನ್ ವಾಷರ್ ಡ್ರಾಯರ್‌ನಲ್ಲೇ ಇತ್ತು, ಹಾಕಲು ಸೋಮಾರಿತನ ಮಾಡಿದ್ದೆ. ಹಾಕಿದೆ. ಕಾರ್ಡ್ ಎದ್ದಿತು. ದೇವರು ದೊಡ್ಡವನು.

ಬಿಗಿ ಎಷ್ಟಿರಬೇಕು ಅನ್ನುವುದೇ ದೊಡ್ಡ ತಲೆನೋವು. ಚಿಪ್ ಮೇಲೆ ಮುಚ್ಚಳ ಇಲ್ಲ, ಜಾಸ್ತಿ ಒತ್ತಿದರೆ ಮೂಲೆ ಚೂರಾಗುತ್ತೆ. ಬೋಲ್ಟ್‌ಗೆ ಸ್ಪ್ರಿಂಗ್ ಹಾಕಿದೆ, ಅರ್ಧರ್ಧ ಸುತ್ತು, ಎದುರು ಬದುರು ಮೂಲೆ. ಬಾಲ್‌ಪೆನ್ನಿನ ಸ್ಪ್ರಿಂಗ್ ಸಾಲಲ್ಲ, ಅದನ್ನು ಪ್ರಯತ್ನಿಸಬೇಡಿ. ನಾನು ಹಾಕಿದ್ದು ಎಲ್ಲಿಯದ್ದು ಅಂತ ಇಲ್ಲಿ ಹೇಳಲ್ಲ, ಪ್ರತಿ ಮನೆಯಲ್ಲೂ ಇರುವ ಸಾಮಾನೇ.

ಇನ್ನು ಮೆಮೊರಿ. ಹನ್ನೊಂದು ಚಿಪ್, ಎಲ್ಲಕ್ಕೂ ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕ್ (ಬಿಸಿ ಹೊರಹಾಕುವ ರೆಕ್ಕೆ ಬಿಲ್ಲೆ) ಅಂಟಿಸಿದೆ, ಪ್ಯಾಕೆಟ್ 300 ರೂಪಾಯಿ. ಕ್ಯಾಬಿನೆಟ್ ಒಳಗೆ ಕಾರ್ಡ್ ಕೆಳಮುಖವಾಗಿ ನಿಲ್ಲುತ್ತೆ ಅನ್ನುವುದು ತಲೆಯಲ್ಲೇ ಇರಲಿಲ್ಲ. ಬಿಸಿಯಾದ ಹಾಗೆ ಅದರ ಜೊತೆ ಬಂದ ಟೇಪ್ ಮೆತ್ತಗಾಗಿ, ಮೂರನೇ ದಿನ ಟಿಣ್ ಟಿಣ್ ಅಂತ ಎರಡು ಉದುರಿದವು. ಒಂದು ಕೆಳಗಿನ ಫ್ಯಾನಿಗೇ ಸಿಕ್ಕಿತು. ಆಮೇಲೆ ಚಿಪ್ಪನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸಿ, ಎರಡು ಭಾಗ ಕಲಸುವ ಥರ್ಮಲ್ ಅಂಟು ಹಾಕಿ, ಕಾರ್ಡನ್ನು ಒಂದು ರಾತ್ರಿ ಅಂಗಾತ ಮಲಗಿಸಿದೆ. ಆಮೇಲೆ ಉದುರಿಲ್ಲ. ಆ ಅಂಟಿಗೆ ನಾನು ಇನ್ನೊಂದು ಸೇರಿಸ್ತೇನೆ, ಬೇಕಾದಾಗ ಕೀಳಲು ಬರಲಿ ಅಂತ. ಅದೂ ಸದ್ಯಕ್ಕೆ ನನ್ನ ಹತ್ರವೇ ಇರಲಿ.

ವಿಆರ್‌ಎಂ ಮೇಲೆ ಕಂಪನಿಯ ಹೀಟ್‌ಸಿಂಕ್ ಹಾಗೇ ಉಳಿಸಿ, ಎದುರಿಗೆ 92 ಎಂಎಂ ಫ್ಯಾನ್ ಒಂದು ಕಟ್ಟಿದೆ. ಅದರ ಬಿಸಿ ಅಳೆಯಲು ಮೊದಲು ಕೊರೋನಾ ಕಾಲದ ಹಣೆಗೆ ಹಿಡಿಯುವ ಗನ್ ತಂದೆ. ಅದು 'ಹೈ' ಅಂತ ತೋರಿಸಿ ಸುಮ್ಮನಾಯಿತು, ಪಾಪ, ಅದಕ್ಕೆ ಜ್ವರ ಮಾತ್ರ ಗೊತ್ತು. ಅಡಿಕೆ ಡ್ರೈಯರ್ ಕೆಲಸ ಮಾಡುವ ಗೆಳೆಯನ ಹತ್ರ ಸರಿಯಾದ ಗನ್ ಇತ್ತು. ಹೊಳೆಯುವ ಲೋಹದ ಮೇಲೆ ಅದೂ ಸುಳ್ಳು ಹೇಳುತ್ತೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ಫ್ಯಾನ್ ಇಲ್ಲದಾಗ ಹಿಂಭಾಗದಲ್ಲಿ 95ರ ಹತ್ತಿರ, ಇದ್ದಾಗ 73-74. ಮುನ್ನೂರೈವತ್ತು ರೂಪಾಯಿಯ ಈ ಫ್ಯಾನ್ ಇದ್ದಿದ್ದರೆ ಆ 970 ಉಳಿಯುತ್ತಿತ್ತು.

ಪಂಪ್‌ಗೆ ನೇರ 12 ವೋಲ್ಟ್ ಕೊಟ್ಟಿದ್ದೇನೆ, ಕಡಿಮೆ ಮಾಡಲು ಹೋಗಿಲ್ಲ. ರೇಡಿಯೇಟರ್ ಕ್ಯಾಬಿನೆಟ್‌ನ ತಲೆ ಮೇಲೆ.

ಈಗಿನ ಲೆಕ್ಕ: ಮೇ ತಿಂಗಳು, ಕೋಣೆ 33 ಡಿಗ್ರಿ, ರೆಂಡರ್ ಒಂದು ಗಂಟೆ ದಾಟಿದ ಮೇಲೂ 54-55. ಜುಲೈಯಲ್ಲಿ 46 ಮೇಲೆ ಹೋಗಲ್ಲ. ಕ್ಲಾಕ್ 1930ರ ಆಸುಪಾಸು. ಒಂದೂಮುಕ್ಕಾಲು ಗಂಟೆಯ ರೆಂಡರ್ ಹತ್ತು ನಿಮಿಷ ಬೇಗ ಮುಗಿಯುತ್ತೆ. ಹತ್ತು ನಿಮಿಷಕ್ಕೆ ಇಷ್ಟು ಒದ್ದಾಟವಾ ಅಂತ ಕೇಳಿದರೆ, ನಮ್ಮ ಮನೆಗೆ ಬಂದು ರಾತ್ರಿ ಮಲಗಿ ನೋಡಿ. ಫ್ಯಾನಿನ ಸದ್ದಿಗಿಂತ ಹೊರಗಿನ ಜೀರುಂಡೆ ಜಾಸ್ತಿ. ಎರಡೂ ಕಾರ್ಡಿನ ದುಡ್ಡು ಬಿಟ್ಟರೆ ಒಟ್ಟು ಖರ್ಚು ನಾಲ್ಕು ಸಾವಿರ.

ಮಳೆಗಾಲದಲ್ಲಿ ಬೆವರಿ ಶಾರ್ಟ್ ಆಗುತ್ತೆ ಅಂದವರ ವಿಷಯ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತೆ, ಒಲೆಯಿಂದ ಇಳಿಸಿದ ಚೊಂಬು ಬೆವರುತ್ತಾ? ಕೋಣೆಯ ಗಾಳಿಯಿಂದಲೇ ತಣಿಯುವ ಎಐಒ ಒಳಗಿನ ನೀರು ಕಾರ್ಡ್ ಓಡುವಾಗ ಕೋಣೆಗಿಂತ ಬಿಸಿಯೇ. ಆದರೂ ಒಂದು ಕೈ ನೋಡೇಬಿಡೋಣ ಅಂತ ಮೊದಲ ಜೂನಿನಲ್ಲಿ ರೇಡಿಯೇಟರ್ ಬಿಚ್ಚಿ ಒಂದು ಕೊಡ ಬಾವಿ ನೀರು ಹಾಕಿದ ಬೋಗುಣಿಯಲ್ಲಿ ಮುಳುಗಿಸಿದೆ, ಫ್ಯಾನ್ ತೆಗೆದು. ಚಿಪ್ 37 ಡಿಗ್ರಿ! ಕುಣಿದಾಡಿದೆ. ಆದರೆ ಹತ್ತು ನಿಮಿಷಕ್ಕೆ ಮೂರು ಡಿಗ್ರಿಯಂತೆ ಬೋಗುಣಿಯೇ ಬಿಸಿಯಾಗುತ್ತಾ ಬಂತು. ಕಾರ್ಡಿನ 250 ವ್ಯಾಟ್ ಅಂದರೆ ಸಣ್ಣ ಹೀಟರೇ ಅಲ್ವಾ. ಐಸ್ ಟ್ರೇ ತಂದು ಸುರಿದೆ. ಐದು ನಿಮಿಷದಲ್ಲಿ ರಬ್ಬರ್ ಪೈಪಿನ ಮೇಲೆ ಮಂಜಿನ ಹಾಗೆ ಸಣ್ಣ ಹನಿ, ಆಮೇಲೆ ಪೈಪು ಬಗ್ಗಿದ ಕಡೆ ಒಂದು ದೊಡ್ಡ ಹನಿ ನೇತಾಡತೊಡಗಿತು, ಅದರ ಕೆಳಗೆ ನೇರವಾಗಿ ಮದರ್‌ಬೋರ್ಡ್. ಸ್ವಿಚ್ ಆರಿಸಲು ಓಡಿದ ವೇಗದಲ್ಲಿ ನಾನು ಶಾಲೆಯಲ್ಲೂ ಓಡಿಲ್ಲ.

ಬೆವರಿದ್ದು ಆ ಒಂದೇ ದಿನ, ಅದೂ ಐಸ್ ಹಾಕಿದ್ದಕ್ಕೆ. ಮಳೆಗಾಲದ ನಿಜವಾದ ಕಾಟ ಇರುವೆ. ಕಳೆದ ಆಗಸ್ಟ್‌ನಲ್ಲಿ ರೇಡಿಯೇಟರ್ ರೆಕ್ಕೆಗಳ ಸಂದಿಯಲ್ಲಿ ಬೆಚ್ಚಗಿದೆ ಅಂತ ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಟೆಂಪರೇಚರ್ ನಾಲ್ಕು ಡಿಗ್ರಿ ಏರಿದ್ದು ಯಾಕೆ ಅಂತ ಎರಡು ದಿನ ಪೇಸ್ಟ್ ಮೇಲೆ ಅನುಮಾನಪಟ್ಟೆ. ಈಗ ತಿಂಗಳಿಗೊಮ್ಮೆ ಬ್ಲೋಯರ್ ಹಿಡಿಯುತ್ತೇನೆ, ಕ್ಯಾಬಿನೆಟ್‌ನ ನಾಲ್ಕು ಕಾಲಿನ ಸುತ್ತ ಅರಿಶಿನ ಹಾಕುತ್ತೇನೆ.