ಗುಂಪಿಗೆ ಮೂರೇ ಪ್ರಾಣಿ: ನಮ್ಮ ಶಾಲೆಯ ಮೈಸೂರು ಝೂ ಪ್ರವಾಸ

ಕೊಪ್ಪಳ ಕಡೆಯ ಮಾಸ್ತರರಿಗೆ ಮೈಸೂರು ಪ್ರವಾಸ ಹೊಸದಲ್ಲ. ಆದರೆ ನಾಲ್ಕು ಮಕ್ಕಳ ಗುಂಪಿಗೆ ಮೂರೇ ಪ್ರಾಣಿ ಎಂದು ಹಂಚಿಕೊಟ್ಟು ಝೂ ತೋರಿಸಿದವರು ಬೇರೆ ಯಾರೂ ನನಗೆ ಸಿಕ್ಕಿಲ್ಲ. ಹೇಳಿದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಬ್ಬ ಹಿರಿಯರು ಮುಖಕ್ಕೇ ಕೇಳಿದರು: “ಅಷ್ಟು ದೂರ ರೊಕ್ಕ ಸುರದು ಹೋಗಿ ಮೂರು ಪ್ರಾಣಿ ನೋಡಿ ಬರೂದೇನ್ರೀ ಸರ? ಆಡು, ಕುರಿ ಇಲ್ಲೇ ಅದಾವಲ್ರೀ.”

ಮೊದಲು ನಾವೂ ಎಲ್ಲರಂತೆ ಖಾಸಗಿ ಬಸ್ಸಿನಲ್ಲೇ ಹೋಗುತ್ತಿದ್ದೆವು. ಎರಡು ದಿನದಲ್ಲಿ ಶ್ರೀರಂಗಪಟ್ಟಣ, ಕೆಆರ್‌ಎಸ್, ಚಾಮುಂಡಿ ಬೆಟ್ಟ, ಅರಮನೆ, ಝೂ. ಬಾಡಿಗೆ, ಡೀಸೆಲ್, ಡ್ರೈವರ್ ಬಾಟಾ ಸೇರಿ ಎಪ್ಪತ್ತು ಸಾವಿರದ ಆಸುಪಾಸು. ಝೂ ಮುಂದೆ ಇಳಿಸುವಾಗಲೇ ಡ್ರೈವರ್ “ಒಂದೂವರೆ ತಾಸಿನ್ಯಾಗ ಬಂದ್ಬಿಡ್ರಿ” ಅನ್ನುತ್ತಿದ್ದ. ಒಳಗಿನ ದಾರಿಯೇ ಮೂರು ಕಿಲೋಮೀಟರ್ ಮೇಲೆ. ಮಕ್ಕಳು ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಊರಿಗೆ ಬಂದು ಬರೆಸಿದರೆ ಎಲ್ಲ ನೋಟ್‌ಬುಕ್ಕಿನಲ್ಲೂ ಒಂದೇ ಸಾಲು: ಹುಲಿ, ಸಿಂಹ, ಆನೆ ನೋಡಿ ಆನಂದಪಟ್ಟೆವು. ಒಬ್ಬ ಹುಡುಗ ಮಾತ್ರ ಐಸ್‌ಕ್ರೀಂ ಬಗ್ಗೆ ಬರೆದಿದ್ದ. ಅವನಿಗೆ ನಾನು ಒಂದು ಅಂಕ ಹೆಚ್ಚು ಕೊಟ್ಟೆ.

ಬೈನಾಕ್ಯುಲರ್ ಕೊಡಿಸಿ ನೋಡಿದೆವು. ಒಂದೊಂದಕ್ಕೆ ಎರಡು ಸಾವಿರ ಚಿಲ್ಲರೆ. ಅದಕ್ಕಾಗಿ ಆದ ಜಗಳ ಬಿಡಿಸುವುದರಲ್ಲೇ ಹೊತ್ತು ಹೋಯಿತು, ಪ್ರಾಣಿ ಅಲ್ಲೇ ಉಳಿಯಿತು. ಆಮೇಲೆ ಮೂರು ಪ್ರಾಣಿಯ ಉಪಾಯವನ್ನು ಹತ್ತಿರದ ಕಮಲಾಪುರದ ವಾಜಪೇಯಿ ಝೂನಲ್ಲಿ ತಾಲೀಮು ಮಾಡಿದೆ. ಉಪಾಯ ಸರಿಯಿತ್ತು, ಬಿಸಿಲು ಬಿಡಲಿಲ್ಲ. ಅರ್ಧ ತಾಸು ಒಂದೇ ಕಡೆ ನಿಲ್ಲಬೇಕೆಂದರೆ ನೆರಳು ಬೇಕು. ಮೈಸೂರು ಝೂ 1892ರದು, ಚಾಮರಾಜ ಒಡೆಯರ ಕಾಲದ್ದು. ಅಲ್ಲಿ ಹಳೆಯ ಮರಗಳಿಗೇನು ಕಡಿಮೆ? ಅದರ ತೋಟದ ವಿನ್ಯಾಸದಲ್ಲಿ ಕೈಯಾಡಿಸಿದ ಜರ್ಮನಿಯ ಕೃಂಬಿಗಲ್‌ಗೆ ನನ್ನ ಕೆಲಸದ ಅರ್ಧ ಪಾಲು ಸಲ್ಲಬೇಕು.

ಬಸ್ ಬಿಟ್ಟು ಹಂಪಿ ಎಕ್ಸ್‌ಪ್ರೆಸ್ ಹಿಡಿದೆವು. ಶೈಕ್ಷಣಿಕ ಪ್ರವಾಸದ ರಿಯಾಯಿತಿ ಸ್ಲೀಪರ್‌ಗೂ ಇದೆ. ಹೆಡ್ ಮಾಸ್ತರರ ಪತ್ರ ಹಿಡಿದು ಸ್ಟೇಷನ್ನಿಗೆ ಚಪ್ಪಲಿ ಸವೆಸಬೇಕು, ಅಷ್ಟೇ. ಹೋಗಿ ಬರುವ ಟಿಕೆಟ್, ಒಂದು ರಾತ್ರಿಯ ಛತ್ರ, ಊಟ, ಝೂ ಟಿಕೆಟ್ ಎಲ್ಲ ಸೇರಿ ತಲೆಗೆ ಸಾವಿರದ ಇನ್ನೂರು ಬಿದ್ದಿರಬೇಕು. ಬಸ್ಸಿನಲ್ಲಿ ಎರಡು ಸಾವಿರ ದಾಟುತ್ತಿತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿ ಮನೆಯವು. ಮೊದಲ ದಿನ ಅರಮನೆ ಮಾತ್ರ. ಕೆಆರ್‌ಎಸ್ ಕೈಬಿಟ್ಟಿದ್ದಕ್ಕೆ ಮಕ್ಕಳಿಗಿಂತ ಸಹೋದ್ಯೋಗಿಗಳಿಗೇ ಬೇಜಾರು. ಮರುದಿನ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುವ ಮೊದಲೇ ಸ್ಟೀಲ್ ಬಾಟಲಿ ಹಿಡಿದು ಸಾಲಿನಲ್ಲಿದ್ದೆವು.

ಪ್ರತಿ ಗುಂಪಿಗೆ ಒಂದು ಹಾಳೆ. ಅದರಲ್ಲಿ ಪ್ರಾಣಿಯ ಹೆಸರು, ಆಹಾರ, ಆಯಸ್ಸು ಯಾವುದೂ ಇಲ್ಲ, ಅದೆಲ್ಲ ಬೋರ್ಡಿನಲ್ಲೇ ಇರುತ್ತದೆ. ನಿಂತು ನೋಡದೆ ಉತ್ತರ ಸಿಗದ ಪ್ರಶ್ನೆ ಮಾತ್ರ. ಜಿರಾಫೆಗೆ: ನಡೆಯುವಾಗ ಯಾವ ಕಾಲಿನ ಜೊತೆ ಯಾವ ಕಾಲು ಏಳುತ್ತದೆ? ಹತ್ತು ನಿಮಿಷ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಗೆ ಒಬ್ಬ ಹುಡುಗಿ ನೆಲಕ್ಕೆ ಕೈಯೂರಿ ತಾನೇ ನಡೆದು ತೋರಿಸಿದಳು, ಎಡಗಡೆಯ ಎರಡೂ ಒಟ್ಟಿಗೆ, ಆಮೇಲೆ ಬಲಗಡೆಯ ಎರಡೂ. “ನಮ್ಮ ಎಮ್ಮಿ ಹಿಂಗ ನಡಿಯಂಗಿಲ್ರೀ ಸರ.” ಪಕ್ಕದಲ್ಲಿದ್ದ ಬೆಂಗಳೂರಿನ ಕುಟುಂಬವೊಂದು ಸೆಲ್ಫಿ ಬಿಟ್ಟು ಜಿರಾಫೆಯ ಕಾಲು ನೋಡತೊಡಗಿತು.

ಹೂಲಾಕ್ ಗಿಬ್ಬನ್ (ಬಾಲವಿಲ್ಲದ ವಾನರ) ಪಾಲಿಗೆ ಬಂದ ಗುಂಪಿನವರು ‘ಕರಿ ಮಂಗ, ಕಂದು ಮಂಗ, ಎರಡು ಜಾತಿ’ ಎಂದು ಬರೆದರು. ನಾನು ತಿದ್ದಲಿಲ್ಲ. ಅವು ಕೂಗಲು ಶುರುಮಾಡಿದಾಗ ಎರಡೂ ಒಂದಕ್ಕೊಂದು ದನಿಗೂಡಿಸಿದ್ದು ಕೇಳಿ ತಾವೇ ಹೊಡೆದುಹಾಕಿ ‘ಗಂಡ ಹೆಂಡತಿ’ ಎಂದು ಬರೆದುಕೊಂಡರು. ಕರಿದು ಗಂಡು, ಕಂದು ಹೆಣ್ಣು. ಆ ಕೂಗನ್ನು ಮೊಬೈಲಿನಲ್ಲಿ ಹಿಡಿದು ತಂದು ಶಾಲೆಯಲ್ಲಿ ಸ್ಪೀಕರ್ ಹಚ್ಚಿದೆ. ಓಣಿಯ ನಾಯಿಗಳೆಲ್ಲ ಕಾಂಪೌಂಡಿಗೆ ಬಂದವು, ಆ ದಿನ ಗಣಿತ ನಡೆಯಲಿಲ್ಲ.

ತೋಳ ಮಲಗಿತ್ತು. ಇದು ನನ್ನ ಲೆಕ್ಕ ತಪ್ಪಿಸೀತು ಅಂದುಕೊಂಡೆ. ಆದರೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಇರುವುದು ಸುಮ್ಮನೆ ಅಲ್ಲ, ನಮ್ಮ ಕುರಿಗಾರರ ಮಕ್ಕಳಿಗೆ ತೋಳ ಹೊಸದಲ್ಲ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗನೊಬ್ಬ, ತೋಳ ಹಟ್ಟಿಗೆ ಯಾವ ದಿಕ್ಕಿನಿಂದ ಬರುತ್ತದೆ, ಒಂದು ತೋಳ ನಾಯಿಯನ್ನು ಹೇಗೆ ಬೆನ್ನು ಹತ್ತಿಸಿಕೊಂಡು ದೂರ ಒಯ್ಯುತ್ತದೆ, ಅಷ್ಟರಲ್ಲಿ ಇನ್ನೊಂದು ಮರಿ ಹೇಗೆ ಎತ್ತುತ್ತದೆ ಎಂದು ಹೇಳುತ್ತಾ ಹೋದ. ಹಾಳೆಯ ಪ್ರಶ್ನೆಗಳು ಖಾಲಿಯೇ ಉಳಿದವು. ನನಗೆ ಬೇಕಾದದ್ದು ಸಿಕ್ಕಿತ್ತು.

ತಮ್ಮ ಗುಂಪಿನ ಪಾಲಿಗೆ ಬಾರದ ಪ್ರಾಣಿಗಳ ಮುಂದೆ ನಿಲ್ಲದೆ ನಡೆಯುತ್ತಾ ಹೋಗಬೇಕು. ಗೊರಿಲ್ಲಾಕ್ಕೆ ಮಾತ್ರ ವಿನಾಯಿತಿ ಕೊಟ್ಟೆ, ಇಲ್ಲದಿದ್ದರೆ ದಂಗೆಯಾಗುತ್ತಿತ್ತು.

ಈ ಸಲ ನೋಟ್‌ಬುಕ್ಕಿನಲ್ಲಿ ಒಬ್ಬರದು ಒಬ್ಬರಂತಿಲ್ಲ. ಜಿರಾಫೆಯ ನಾಲಿಗೆ ಕಪ್ಪಗಿದ್ದದ್ದಕ್ಕೇ ಒಬ್ಬಳು ಒಂದು ಪುಟ ಬರೆದಿದ್ದಾಳೆ. ನಕ್ಕ ಸಹೋದ್ಯೋಗಿಗಳಲ್ಲೇ ಇಬ್ಬರು ಈಗ ಹಾಳೆ ಕೇಳುತ್ತಿದ್ದಾರೆ. ಜಿರಾಫೆಯದು ಇಲ್ಲೇ ಹೇಳಿದ್ದೇನೆ. ಉಳಿದ ಪ್ರಶ್ನೆಗಳನ್ನೂ, ಮಕ್ಕಳು ಬೇರೆ ಪ್ರಾಣಿಯ ಕಡೆ ಓಡದಂತೆ ಹಿಡಿದಿಟ್ಟ ಉಪಾಯವನ್ನೂ ಸದ್ಯಕ್ಕೆ ಕೊಡಲಾರೆ, ನೀವೇ ಮಾಡಿಕೊಳ್ಳಿ. ಟಿಕೆಟ್ ವಿಷಯ ಮಾತ್ರ ಕೇಳಿ: ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ, ರಿಯಾಯಿತಿ ಪತ್ರ ಅಷ್ಟರೊಳಗೆ ಕೈಯಲ್ಲಿರಲಿ. ಝೂಗೆ ಮಂಗಳವಾರ ರಜೆ, ಅದನ್ನು ಬಿಟ್ಟು ದಿನ ಹಿಡಿಯಿರಿ.