ಕಾವಲಿಲ್ಲದ ಕೀಲಿಗಳು

ಅನಂತ ಚತುರ್ದಶಿಯ ರಾತ್ರಿ ಪುಣೆಯ ಪೇಠ್‌ಗಳಲ್ಲಿ ಯಾರೂ ಮಲಗುವುದಿಲ್ಲ. ನಾನು ನೋಡಿಕೊಳ್ಳುವ ನಮ್ಮ ಸಂಸ್ಥೆಯ ಕ್ಲಸ್ಟರ್, ಎಂದರೆ ಒಟ್ಟಿಗೆ ದುಡಿಯುವ ಕಂಪ್ಯೂಟರ್‌ಗಳ ಗುಂಪು, ಮಾತ್ರ ಮಲಗಿರಬೇಕಿತ್ತು. ಹಬ್ಬದ ರಜೆ, ಕೆಲಸಗಳನ್ನು ಸರದಿಯಲ್ಲಿ ಹಂಚುವ ಸ್ಲರ್ಮ್ ತಂತ್ರಾಂಶದ ಸರದಿ ಖಾಲಿ. ಆದರೂ ಎಲ್ಲರೂ ಒಳಬರುವ ಯಂತ್ರವಾದ ಲಾಗಿನ್ ನೋಡ್‌ನ ಎಲ್ಲ ಕೋರ್‌ಗಳೂ ಬಿಡುವಿಲ್ಲದೆ ದುಡಿಯುತ್ತಿದ್ದವು. ಕರ್ನಲ್‌ನದೇ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನದೇ) ಕೆಲಸವೆಂಬಂತೆ ಹೆಸರಿಟ್ಟುಕೊಂಡ ಒಂದು ಪ್ರಕ್ರಿಯೆ. ಕರ್ನಲ್‌ನ ಕೆಲಸ ಯಂತ್ರದ ಒಡೆಯನ ಖಾತೆಯಾದ ರೂಟ್ ಹೆಸರಿನಲ್ಲಿ ಇರಬೇಕು. ಇದು ಧಾರವಾಡದ ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ಹೆಸರಿನಲ್ಲಿತ್ತು. ಫೋನ್ ಮಾಡಿದೆ. "ಸರ್, ಮೂರು ದಿನದಿಂದ ಲ್ಯಾಪ್‌ಟಾಪ್ ತೆರೆದೇ ಇಲ್ಲ" ಎಂದ. ಹೊರಗೆ ಡೋಲು-ತಾಶೆಯ ಅಬ್ಬರ. ಎರಡು ಸಲ ಹೇಳಿಸಿಕೊಂಡೆ.

ಕೈ ಮೊದಲು ಓಡಿದ್ದು ಪ್ರಕ್ರಿಯೆಯನ್ನು ಕೊಲ್ಲಲು. ತಡೆದುಕೊಂಡೆ. ಪ್ರಕ್ರಿಯೆಗಳ ಪಟ್ಟಿ, ತೆರೆದ ಸಂಪರ್ಕಗಳು, ಲಾಗ್‌ಗಳು (ಯಂತ್ರ ಬರೆದಿಡುವ ದಾಖಲೆಗಳು) ಎಲ್ಲವನ್ನೂ ಬೇರೆ ಯಂತ್ರಕ್ಕೆ ನಕಲು ಮಾಡಿದ ಮೇಲೆಯೇ ನೋಡ್ ಅನ್ನು ಹೊರಜಾಲದಿಂದ ಬಿಡಿಸಿದೆ. ಸೈಬರ್ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಇಂಥ ನುಸುಳುವಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು. ಬೆಳಗಿನ ಜಾವ ಕಳುಹಿಸಿದೆ. 180 ದಿನಗಳ ಲಾಗ್ ಇಟ್ಟುಕೊಳ್ಳಬೇಕೆಂದೂ ಅದರಲ್ಲಿದೆ. ನಮ್ಮಲ್ಲಿದ್ದದ್ದು ನಾಲ್ಕೇ ವಾರದ್ದು, ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್ ತಂತ್ರಾಂಶದ ಮೂಲ ಹೊಂದಿಕೆ ಹೇಗಿತ್ತೋ ಹಾಗೆ. ಆ ತಪ್ಪು ನನ್ನದು.

ಹುಡುಗನ ಹೆಸರಿನಲ್ಲಿ ಒಳನುಸುಳಿದವನು ಪಾಸ್‌ವರ್ಡ್ ಊಹಿಸಿ ಬಂದಿರಲಿಲ್ಲ. ಹುಡುಗ ಬೇರೊಂದು ಕಡೆಯ ಕ್ಲಸ್ಟರ್‌ನಲ್ಲಿ ತನ್ನ ಎಸ್‌ಎಸ್‌ಎಚ್ ಖಾಸಗಿ ಕೀಲಿಯನ್ನು (ಪಾಸ್‌ವರ್ಡ್ ಬದಲು ದೂರದ ಯಂತ್ರದೊಳಗೆ ಬಿಡುವ ಗುಟ್ಟಿನ ಫೈಲ್) ಪಾಸ್‌ಫ್ರೇಸ್ ಇಲ್ಲದೆ, ಎಂದರೆ ಅದನ್ನು ಕಾಯುವ ಗುಪ್ತಪದವಿಲ್ಲದೆ, ಇಟ್ಟಿದ್ದ. ಅಲ್ಲಿ ಕದ್ದವನಿಗೆ ಇಲ್ಲಿಯ ಬಾಗಿಲೂ ತೆರೆಯಿತು. 2020ರ ಮೇ ತಿಂಗಳಲ್ಲಿ ಎಡಿನ್‌ಬರೋದ ಆರ್ಚರ್ ಸೂಪರ್‌ಕಂಪ್ಯೂಟರ್, ಜರ್ಮನಿಯ ಹಲವು ಸೂಪರ್‌ಕಂಪ್ಯೂಟರ್‌ಗಳು ಕೆಲಸ ನಿಲ್ಲಿಸಬೇಕಾದದ್ದೂ ಇಂಥದೇ ಕದ್ದ ಲಾಗಿನ್‌ಗಳಿಂದ. ಆಗಲೇ ಓದಿದ್ದೆ, ನಮ್ಮ ಚಿಕ್ಕ ಯಂತ್ರ ಯಾರಿಗೆ ಬೇಕು ಎಂದುಕೊಂಡಿದ್ದೆ.

ಮುಂದಿನ ವಾರ ಎಲ್ಲರ ಹೋಮ್ ಡೈರೆಕ್ಟರಿಗಳನ್ನು (ಅವರವರ ಫೈಲ್‌ಗಳ ಜಾಗ) ಇಂಥ ಕೀಲಿಗಳಿಗಾಗಿ ಜಾಲಾಡಿದೆ. ಹೊಸ ಬಗೆಯ ಕೀಲಿಗೆ ಪಾಸ್‌ಫ್ರೇಸ್ ಇದೆಯೇ ಎಂದು ಫೈಲ್ ನೋಡಿದ ಮಾತ್ರಕ್ಕೆ ಸುಲಭವಾಗಿ ತಿಳಿಯದು. ಕೀಲಿ ಮಾಡುವ ತಂತ್ರಾಂಶ ಎಸ್‌ಎಸ್‌ಎಚ್-ಕೀಜೆನ್‌ಗೆ ಖಾಲಿ ಪಾಸ್‌ಫ್ರೇಸ್ ಕೊಟ್ಟು, ಇದರ ಸಾರ್ವಜನಿಕ ಜೋಡಿಯನ್ನು (ಬಾಗಿಲ ಕಡೆ ಇಡುವ ಅರ್ಧವನ್ನು) ತೆಗೆ ಎಂದೆ. ತೆಗೆದುಕೊಟ್ಟಿತೆಂದರೆ ಕಾವಲಿಲ್ಲ ಎಂದೇ ಅರ್ಥ. ಅರ್ಧಕ್ಕಿಂತ ಹೆಚ್ಚು ಕೀಲಿಗಳು ಹಾಗೆಯೇ ಇದ್ದವು. ಅವುಗಳಲ್ಲಿ ಒಂದು ನನ್ನದೇ.

ಮೊಬೈಲಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆಯನ್ನು ಲಾಗಿನ್‌ಗೆ ಕಡ್ಡಾಯ ಮಾಡಿದಾಗ ಗಲಾಟೆಯೇ ಆಯಿತು. "ದತ್ತಾಂಶ ರಾತ್ರಿ ಎರಡಕ್ಕೆ ತಾನಾಗಿ ಬರುತ್ತದೆ. ಸಂಖ್ಯೆ ಒತ್ತಲು ನೀವು ಎದ್ದು ಕೂರುತ್ತೀರಾ?" ಎಂದರು ಹಿರಿಯ ಪ್ರಾಧ್ಯಾಪಕರೊಬ್ಬರು. ನ್ಯಾಯವಾದ ಪ್ರಶ್ನೆ. ಅಂಥ ಕೆಲಸಕ್ಕೆಂದೇ ಬೇರೆ ಕೀಲಿ ಮಾಡಿದೆ: ಒಂದೇ ಐಪಿ ವಿಳಾಸದಿಂದ ಬಂದರೆ ಒಪ್ಪುತ್ತದೆ, ಫೈಲ್ ನಕಲು ಮಾಡುವ ಆರ್‌ಸಿಂಕ್ ಮೂಲಕ ಒಂದೇ ಫೋಲ್ಡರ್‌ಗೆ ಬರೆಯಲು ಬಿಡುತ್ತದೆ, ಶೆಲ್ (ಬೇರೆ ಆಜ್ಞೆ ಓಡಿಸುವ ಅವಕಾಶ) ಕೊಡುವುದಿಲ್ಲ.

ಕಾವಲಿಲ್ಲದ ಕೀಲಿ ಹುಡುಕುವ ಸ್ಕ್ರಿಪ್ಟ್ ಈಗ ಪ್ರತಿ ಸೋಮವಾರ ಓಡುತ್ತದೆ. ಕಳೆದ ವಾರ ಎರಡು ಕೀಲಿಗಳು ಸಿಕ್ಕಿಬಿದ್ದವು. ಒಂದಕ್ಕೆ ಮೇಲ್ ಸಾಕಾಯಿತು. ಇನ್ನೊಂದು ಅದೇ ಪ್ರಾಧ್ಯಾಪಕರದು, ಅವರ ಕೊಠಡಿಗೇ ಹೋಗಿ ಚಹಾ ಕುಡಿಯುತ್ತ ಹೇಳಿ ಬಂದೆ.